ಸೋತದ್ದಕ್ಕೆ ಹೋಳಿಗೆ

ಹಿಂದೂಪುರ
೧೪ ನವೆಂಬರ್ ೨೦೨೫

ಮುದ್ದು ಮೊಮ್ಮಗಳು ಇಂದ್ರಾಣಿಗೆ ತಾತನ ಆಶೀರ್ವಾದ.

ಮಂಡಿನೋವು ಹೇಗಿದೆ? ಚೆನ್ನೈನ ಆ ಹಾಸ್ಟೆಲಿನಲ್ಲಿ ಹೊಟ್ಟೆ ತುಂಬ ತಿನ್ನುತ್ತೀಯೋ, ಬಾಳೆಹಣ್ಣಿನಲ್ಲೇ ದಿನ ದೂಡುತ್ತೀಯೋ? ಇಲ್ಲಿ ನಾವು ಕ್ಷೇಮ. ನನ್ನ ಕೆಮ್ಮು ಮಗ್ಗದ ಸದ್ದಿಗೆ ತಾಳ ಹಾಕಿಕೊಂಡಿದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ನೀನು ‘ಹ್ಞೂಂ ತಾತ’ ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ.

ಮೊದಲು ನಮ್ಮ ಮನೆಯ ಫಜೀತಿ ಕೇಳು. ಕಳೆದ ವಾರ ನೀನು ಮಲೇಷ್ಯಾದಲ್ಲಿ ಮೊದಲ ಸುತ್ತಿನಲ್ಲೇ ಸೋತೆಯಲ್ಲ, ಆ ಸುದ್ದಿ ನಮಗಿಂತ ಮುಂಚೆ ಕಲ್ಯಾಣದುರ್ಗದಲ್ಲಿ ನಿನ್ನ ಅತ್ತೆ ಮಂಗಳಗೌರಿಗೆ ಗೊತ್ತಾಯಿತು. ಮದುವೆಯಾಗಿ ಹೋದ ಮೇಲೆ ಅವಳ ಬಾಯಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ. ಫೋನು ಮಾಡಿ ಅಜ್ಜಿಗೆ, "ಅಮ್ಮಾ, ನಮ್ ಇಂದ್ರಾಣಿ ಓಡಿಪೋಯಿಂದಿ ಕಣಮ್ಮ" ಎಂದಳು. ತೆಲುಗಿನಲ್ಲಿ ಅದು ‘ಸೋತುಹೋದಳು’. ನಿನ್ನ ಅಜ್ಜಿಗೂ ತೆಲುಗು ನೀರು ಕುಡಿದಷ್ಟು ಸಲೀಸು. ಆದರೆ ಮಗ್ಗಗಳ ಗದ್ದಲದಲ್ಲಿ ಕಿವಿಗೆ ಬಿದ್ದದ್ದು ಕನ್ನಡದ ‘ಓಡಿಹೋದಳು’. ಫೋನು ಕೈಯಿಂದ ಜಾರಿತು. "ನನ್ ಮೊಮ್ಮಗ್ಳು ಯಾವನ್ ಜೊತೆನೋ ಓಡೋಗ್ಬುಟ್ಲು!" ಎಂದು ಪಡಸಾಲೆಯಲ್ಲಿ ಕೂತು ಗೋಳಾಡಿದಳು. ಪಕ್ಕದ ಮನೆಯ ಓಬಮ್ಮ ಬಂದು, "ಅಳ್ಬ್ಯಾಡ ಪದ್ಮಾವತಕ್ಕ, ಕೊಡಿಕೊಂಡ ಚೆಕ್‌ಪೋಸ್ಟ್‌ನಾಗೇ ಗಾಡಿ ತಡ್ಸಾನ" ಎಂದಳು. ಮಲೇಷ್ಯಾದಿಂದ ಓಡಿದವರು ನಮ್ಮ ಗಡಿಯ ಕೊಡಿಕೊಂಡಕ್ಕೆ ಯಾಕೆ ಬರುತ್ತಾರೆ ಎಂದು ಕೇಳಲು ನನಗೂ ತೋಚಲಿಲ್ಲ. ನಾನೂ ಗಾಬರಿಯಾಗಿದ್ದೆ ಕಣಮ್ಮ.

ಕೊನೆಗೆ ನಾನೇ ಮಂಗಳಗೌರಿಗೆ ಫೋನು ಮಾಡಿ ವಿಚಾರಿಸಿದೆ. ಆಟದಲ್ಲಿ ಸೋತಿದ್ದೀಯ, ಅಷ್ಟೇ ಎಂದು ತಿಳಿದದ್ದೇ ಅಜ್ಜಿ ಕಣ್ಣೊರೆಸಿಕೊಂಡು ನೇರ ಅಡುಗೆಮನೆಗೆ ಹೋಗಿ ಬೇಳೆ ಬೇಯಲಿಟ್ಟಳು. ಬೀದಿಗೆಲ್ಲ ಹೋಳಿಗೆ ಹಂಚಿದಳು. ಸೋತದ್ದಕ್ಕೆ ಸಿಹಿ ಹಂಚಿಸಿಕೊಂಡ ಆಟಗಾರ್ತಿ ಈ ಸೀಮೆಯಲ್ಲಿ ನೀನೊಬ್ಬಳೇ ಇರಬೇಕು.

ಇನ್ನು ಮೊನ್ನೆ ನೀನು ಹೇಳಿದ ಮಾತು. "ಸಾಕಾಯ್ತು ತಾತ, ಆಟ ಬಿಟ್ಬುಟ್ಟು ಕಲ್ಯಾಣದುರ್ಗದ ಸ್ಕೂಲಿಗೆ ಪಿ.ಟಿ. ಟೀಚರ್ ಆಗಿ ಬತ್ತೀನಿ" ಅಂದೆ. ಆ ಕೆಲಸ ಗೊತ್ತುಮಾಡಿದವನು ನಿನ್ನ ಅತ್ತೆಯ ಗಂಡ ಉಮಾಶಂಕರ್. ಅವನ ಬೆನ್ನು ಹತ್ತಿ ಮಾಡಿಸಿದವಳು ನಿನ್ನ ಅಜ್ಜಿ. ಗೋಡೆಗೆ ಚೆಂಡು ಹೊಡೆಯುವುದೂ ಒಂದು ಬದುಕೇ ಎಂಬುದು ಅವಳ ಹಳೇ ತಕರಾರು. ಕೆಲಸ ಒಳ್ಳೆಯದೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ನಿನ್ನ ಸ್ಕ್ವಾಷ್ ಆಟವನ್ನು ಬೆಂಗಳೂರಿನಲ್ಲಿ ಗಾಜಿನಾಚೆ ಕೂತು ನಾನು ನೋಡಿದ್ದೇನೆ. ನೀನೂ ಎದುರಾಳಿಯೂ ಒಂದೇ ಗೋಡೆಗೆ ಮುಖಮಾಡಿ ನಿಂತಿದ್ದಿರಿ. ಇನ್ನು ಎಟುಕುವುದಿಲ್ಲ ಎಂದು ನಾನು ಆಸೆ ಬಿಟ್ಟ ಚೆಂಡಿಗೂ ನೀನು ಹಾರುತ್ತಿದ್ದೆ. ಅವತ್ತೂ ಸೋತೆ, ಆದರೂ ಪಕ್ಕದಲ್ಲಿ ಕೂತವರಿಗೆಲ್ಲ ‘ಅವಳು ನನ್ನ ಮೊಮ್ಮಗಳು’ ಎಂದು ಹೇಳಿಕೊಂಡೆ. ಇಪ್ಪತ್ತಮೂರಕ್ಕೇ ಎಲ್ಲ ಮುಗಿಯಿತು ಎನ್ನಲು ನಿನಗೆ ನಾಲಿಗೆಯಾದರೂ ಹೇಗೆ ಬಂತು? ಮಂಡಿ ವಾಸಿಯಾಗಲಿ, ಇನ್ನೊಂದು ವರ್ಷ ಆಡಿ ನೋಡು. ಆಮೇಲೂ ಬೇಡವೆನಿಸಿದರೆ ನಾನೇ ಚೆನ್ನೈಗೆ ಬಂದು ನಿನ್ನ ಪೆಟ್ಟಿಗೆ ಹೊತ್ತು ತರುತ್ತೇನೆ. ಸ್ಕೂಲಿನವರಿಗೆ ಮುಂದಿನ ವಾರದೊಳಗೆ ಉತ್ತರ ಬೇಕಂತೆ. ಯೋಚಿಸು.

ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನ ಕೈಕಾಲಿಗೆ ಬಲ ಕೊಡಲಿ.

ನಿನ್ನ ತಾತ,
ಜಯರಾಮಪ್ಪ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಉಮಾಶಂಕರನ ಫೋನು ಬಂತು, ಸ್ಕೂಲಿನವರು ಇವತ್ತೇ ಹೇಳಿ ಅಂತಿದ್ದಾರೆ ಎಂದು. ನಾನು ಬಾಯಿ ತೆರೆಯುವ ಮೊದಲೇ ನಿನ್ನ ಅಜ್ಜಿ ಫೋನು ಕಿತ್ತುಕೊಂಡು, "ಬ್ಯಾರೆ ಯಾರ್ನಾನ ನೋಡ್ಕಳಕ್ಕೇಳಪ್ಪ. ಒಂದ್ಕಿತ ಸೋತೌಳೆ, ಅಷ್ಟೇ. ನಮ್ಮುಡ್ಗಿಗೆ ಆಟ ಐತೆ" ಎಂದು ಇಟ್ಟೇಬಿಟ್ಟಳು. ಆ ಕೆಲಸ ಬೇಕೇ ಬೇಕೆಂದರೆ ನೀನೇ ಅವಳ ಹತ್ತಿರ ಮಾತಾಡು. ನನಗಂತೂ ಧೈರ್ಯವಿಲ್ಲ.