ಪಕ್ಕದ ಸೀಟಿನ ಬ್ರೇಕು

ಅಪ್ಪಾ,

ಇವತ್ತು ಮೊದಲ ಸಲ ರೇಸಿಗೆ ಇಳಿದೆ. ಸ್ಪೋರ್ಟ್ಸ್ ಕಾರು ಕೊಳ್ಳುವ ತಾಕತ್ತು ನನಗೆಲ್ಲಿ? ಹವ್ಯಾಸಿಗಳ ರೇಸು, ಹಳೇ ಕಾರಾದರೂ ನಡೆಯುತ್ತದೆ ಎಂದರು. ನಿಮ್ಮ ಡ್ರೈವಿಂಗ್ ಸ್ಕೂಲಿನ ಕಾರನ್ನೇ ಒಯ್ದೆ. ಹೆಲ್ಮೆಟ್ಟು ಮಾತ್ರ ಹೊಸದು. ಅದರಲ್ಲೂ ಜುಗ್ಗತನ ಮಾಡಿದ್ದರೆ ನೀವು ಬಯ್ಯುತ್ತಿದ್ದಿರಿ.

ಕಾರಿನ ತಪಾಸಣೆಗೆ ಬಂದವರು ಒಳಗೆ ಬಗ್ಗಿ ನೋಡಿ ನಕ್ಕರು. "ಏನಮ್ಮಾ, ಎರಡೆರಡು ಬ್ರೇಕು! ಪಕ್ಕದ್ದು ಬಿಚ್ಚಮ್ಮಾ, ಆ ಸೀಟೂ ತೆಗಿ. ಭಾರ ಕಮ್ಮಿ ಆಗ್ಲಿ."

ಸ್ಪ್ಯಾನರ್ ಹಿಡಿದು ನಾನೇ ಬಿಚ್ಚಿದೆ. ಕಲಿಯಲು ಬಂದ ಎಷ್ಟೋ ಜನರ ಜೀವ ಉಳಿಸಿದ ಪೆಡಲು. ಅದರ ರಬ್ಬರು ನಿಮ್ಮ ಹೆಬ್ಬೆರಳಿನ ಕಡೆಗೆ ಸವೆದಿತ್ತು.

ಮೊದಲ ಸುತ್ತಿನಲ್ಲಿ ಒಬ್ಬನನ್ನು ಹಿಂದೆ ಹಾಕುವಾಗ ಇಂಡಿಕೇಟರ್ ಹಾಕಿದೆನಂತೆ. ನೋಡಿದವರೆಲ್ಲ ಬಿದ್ದು ಬಿದ್ದು ನಕ್ಕರಂತೆ. ನಿಮ್ಮ ಶಿಷ್ಯೆ, ಇನ್ನೇನು ಮಾಡಲಿ?

ಎರಡನೇ ಸುತ್ತಿನಲ್ಲಿ ಒಂದು ತಿರುವಿಗೆ ತೀರಾ ವೇಗವಾಗಿ ನುಗ್ಗಿದೆ. ಆದರೂ ಬ್ರೇಕ್ ಒತ್ತದೆ ಅರೆಕ್ಷಣ ಕಾದೆ. ಯಾಕೆ ಕಾದೆನೆಂದು ಕಾರು ಗಿರ್ರನೆ ತಿರುಗಿ ಹುಲ್ಲಿನಲ್ಲಿ ನಿಂತ ಮೇಲೆ ತಿಳಿಯಿತು. ನೀವು ಒತ್ತುತ್ತೀರೆಂದು ಕಾದಿದ್ದೆ.

ಲೈಸೆನ್ಸ್ ಸಿಕ್ಕ ದಿನ ನಿಮ್ಮ ಮೇಲೆ ಕಿರುಚಿದ್ದೆ. "ಬ್ರೇಕ್ ಮೇಲಿಂದ ಕಾಲು ತೆಗೀರಿ ಅಪ್ಪಾ, ನಂಗೆ ಓಡ್ಸೋಕೆ ಬರುತ್ತೆ!" ನೀವು ಕಾಲು ಹಿಂದಕ್ಕೆ ಎಳೆದುಕೊಂಡಿರಿ. ಅಂದಿನಿಂದ ನಾನು ಓಡಿಸಿದಾಗಲೆಲ್ಲ ಹಿಂದಿನ ಸೀಟಿನಲ್ಲಿ ಕೂತಿರಿ. ಕೊನೆಯ ಸಲ ನಿಮ್ಮನ್ನು ಆಸ್ಪತ್ರೆಗೆ ಕರೆದೊಯ್ದ ದಿನವೂ ಅಲ್ಲೇ ಕೂತಿರಿ. ಮುಂದೆ ಬನ್ನಿ ಎಂದು ನಾನೂ ಕರೆಯಲಿಲ್ಲ.

ಕಾರಿಗೆ ಏನೂ ಆಗಿಲ್ಲ. ಮನೆಗೆ ಹೊರಡುವ ಮುಂಚೆ ಪಕ್ಕದ ಸೀಟನ್ನು ಮತ್ತೆ ಕೂರಿಸಿದೆ. ಪೆಡಲನ್ನೂ.