ಬಾತು ಹೋದ್ವು ಅಂದೋನಿಗೆ

ಲೇ ಸಿದ್ದ,

ಸತ್ತೋನ ಮೇಲೆ ಸಿಟ್ಟು ಮಾಡ್ಬಾರ್ದು ಅಂತಾರೆ. ನಾನು ಮಾಡ್ತೀನಿ ಕಣ್ಲಾ. ನಿನ್ನ ತಿಥಿ ಊಟ ಉಂಡು ಬಂದು ಬರೀತಾ ಇದ್ದೀನಿ, ಅನ್ನ ಇಳಿದ್ರೂ ಸಿಟ್ಟು ಇಳಿದಿಲ್ಲ.

ಕಬಿನಿ ಹಿನ್ನೀರು ಇಳಿದಾಗ ದಡದ ಮಣ್ಣಲ್ಲಿ ಅಲಸಂದೆ ಬಿತ್ತೋಕೆ ಊರೋರೆಲ್ಲ ನಿನ್ನ ಬಾಯಿ ನೋಡ್ತಿದ್ದದ್ದು ನೆನಪಿದ್ಯಾ? ಚಳಿಗಾಲಕ್ಕೆ ಬಂದ ಪಟ್ಟೆತಲೆ ಬಾತುಗಳು ಉತ್ತರಕ್ಕೆ ಎದ್ದು ಹೋಗೋಗಂಟ ಔಷಧಿ ಹಚ್ಚಿದ ಬೀಜ ಹಾಕೋ ಹಂಗಿಲ್ಲ, ತಿಂದು ಸಾಯ್ತವೆ ಅಂತ. ನಿಮ್ಮಪ್ಪನ ಕಾಲದ ಕಟ್ಟು ಅದು. ನೀನು ದಿಬ್ಬದ ಮೇಲೆ ನಿಂತು "ಹೋದ್ವು ಕಣ್ರಪ್ಪಾ, ಬಿತ್ಕಳಿ" ಅಂದ್ರೆ ಮುಗೀತು. ಒಂದು ವರ್ಷನೂ ತಪ್ಪಿರ್ಲಿಲ್ಲ.

ಈ ಸಲ ಯುಗಾದಿಗೆ ಮುಂಚೆ ನಿನ್ನ ಜಗಲಿಗೆ ಬಂದು ಕೇಳಿದೆ. "ಬೆಳಿಗ್ಗೇನೇ ಹೋದ್ವು ಕಣ್ಲಾ, ಕೊನೇ ಸಾಲು ಕಣ್ಣಾರೆ ನೋಡ್ದೆ" ಅಂದೆ ನೀನು. ಕಣ್ಣಾರೆ! ದಡಕ್ಕೆ ಹೋಗಿ ನಾನೂ ಒಂದ್ಸಲ ನೋಡ್ಬೋದಿತ್ತು. ನೋಡ್ಲಿಲ್ಲ. ನೀನು ದಿಬ್ಬ ಹತ್ತಿ ಊರಿಗೆ ಕೂಗೋದನ್ನೂ ಕಾಯ್ದೆ, ಎಲ್ಲರಿಗಿಂತ ಮುಂಚೆ, ಅವತ್ತೇ ಬಿತ್ತಿದೆ.

ಮಾರನೇ ದಿನ ಎದೆ ಹಿಡ್ಕೊಂಡೋನು ಹೋಗೇಬುಟ್ಟೆ. ನಿನ್ನ ಮಣ್ಣು ಮಾಡಿ, ಊರೋರೆಲ್ಲ ಮೀಯೋಕೆ ಅಂತ ಹಿನ್ನೀರಿಗೆ ಇಳಿದ್ರೆ, ನನ್ನ ಬಿತ್ತನೆ ಮೇಲೆ ಒಂಬತ್ತು ಬಾತು ಕತ್ತು ಚೆಲ್ಲಿ ಬಿದ್ದಿದ್ವು. ಒಂದು ಇನ್ನೂ ರೆಕ್ಕೆ ಬಡೀತಿತ್ತು. ನಾನು ಎತ್ಕೊಂಡೆ, ಕೈಯಲ್ಲೇ...

ಇವತ್ತು ನಿನ್ನ ಹೆಂಡತಿ ಪುಟ್ಟಮ್ಮ ನನ್ನ ಎಲೆ ಮುಂದೆ ಕೂತು ಮೆಲ್ಲಗೆ ಹೇಳಿದ್ಲು. "ಎರಡು ವರ್ಷದಿಂದ ಅವ್ರಿಗೆ ತಟ್ಟೇಲಿರೋ ಮುದ್ದೇನೇ ಕಾಣ್ತಿರ್ಲಿಲ್ಲ ಕಣಣ್ಣ. ಬಾತು ಕೂಗೋದು ಕೇಳಿ ಅಂದಾಜಲ್ಲಿ ಹೇಳೋರು. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿದ್ರು."

ಥೂ ನಿನ್ನ. ನನಗೂ ಹೇಳ್ಬಾರ್ದಾ? ಜೊತೇಲಿ ದನ ಕಾಯ್ದೋನು ನಾನು. ಹೇಳಿದ್ದಿದ್ರೆ ನಿನ್ನ ಕೈ ಹಿಡ್ಕೊಂಡು ದಿಬ್ಬ ಹತ್ತಿಸ್ತಿದ್ದೆ. ನಾನು ನೋಡಿ ಕಿವೀಲಿ ಹೇಳ್ತಿದ್ದೆ, ನೀನೇ ಕೂಗ್ಬೋದಿತ್ತು. ಯಾರಿಗೆ ಗೊತ್ತಾಗ್ತಿತ್ತು? ಏನು ದೊಡ್ಡ ಮಾನ ನಿಂದು! ಬದುಕಿದ್ದಿದ್ರೆ ಕಪಾಳಕ್ಕೆ ಎರಡು ಬಿಡ್ತಿದ್ದೆ.

ನಿನಗೆ ಗೊತ್ತಿಲ್ದಿರೋ ಮಾತು ಒಂದಿದೆ. ಅವತ್ತು ದಡದಲ್ಲಿ ಊರೋರು ನನ್ನ ಸುತ್ತ ನಿಂತು, "ಸಿದ್ದ ಬಿತ್ತು ಅಂದಿದ್ನಾ?" ಅಂತ ಕೇಳಿದ್ರು. ನಿನ್ನ ಮಣ್ಣು ಇನ್ನೂ ನನ್ನ ಕೈಯಲ್ಲಿತ್ತು. "ಇಲ್ಲ, ಅವನ್ನ ಕೇಳ್ದೇನೇ ಬಿತ್ತಿದೆ" ಅಂದೆ. ಉಗಿದ್ರು. ಇವತ್ತು ನಿನ್ನ ತಿಥಿ ಪಂಕ್ತೀಲೂ ನನ್ನ ಪಕ್ಕದ ಎಲೆಗೆ ಯಾರೂ ಕೂರ್ಲಿಲ್ಲ.