ಓಡಲಿ ಎಂದು ಅಂಟಿಸಿದ್ದು

ಕೇಪ್‌ಟೌನ್ ಬಂದರು

ಅಣ್ಣನಿಗೆ ಮಾದೇಶನ ನಮಸ್ಕಾರ.

ದಕ್ಷಿಣ ಧ್ರುವದ ಕಡೆಯಿಂದ ಹಡಗು ನಿನ್ನೆ ಇಲ್ಲಿಗೆ ಬಂತು. ಅಲ್ಲಿ ಸೀಲ್ ಎಂಬ ಪ್ರಾಣಿ ನೋಡಿದೆ. ಎಮ್ಮೆಯಷ್ಟು ದಪ್ಪ, ಬೆಕ್ಕಿನ ಮೀಸೆ, ಕಾಲಿನ ಜಾಗದಲ್ಲಿ ಈಜುರೆಕ್ಕೆ. ವಿಜ್ಞಾನಿ ಮೇಡಂ ಅದರ ತಲೆಗೊಂದು ಯಂತ್ರ ಅಂಟಿಸಿದರು. ನಮ್ಮೂರಲ್ಲಿ ತಪ್ಪಿಸಿಕೊಂಡು ಓಡುವ ದನದ ಕೊರಳಿಗೆ ಮರದ ತುಂಡು ಕಟ್ಟುತ್ತೇವಲ್ಲ, ಹಾಗೇ ಎಂದುಕೊಂಡು "ಪಾಪ, ಇನ್ನು ಓಡಂಗಿಲ್ಲ" ಎಂದೆ. ಹಡಗಿನ ಅಡುಗೆಯವರು, ಗುಂಡ್ಲುಪೇಟೆಯ ರಘುನಾಥಣ್ಣ, ನಕ್ಕುಬಿಟ್ಟರು. "ಲೋ ದಡ್ಡ, ಅದು ಎಲ್ಲೆಲ್ಲಿಗ್ ಓಯ್ತದೆ ಅಂತ ನೋಡಕ್ಕೆ ಕಣ್ಲಾ. ಓಡ್ಲಿ ಅಂತ್ಲೇ ಅಂಟ್ಸಿರದು."

ಅದು ಮೀನು ಹುಡುಕಿ ಹೋದ ದಾರಿ ಕಂಪ್ಯೂಟರಿನಲ್ಲಿ ಕಾಣುತ್ತದೆ. ಅದಕ್ಕೂ ಮೀನು ಉಳಿಯುವಂತೆ ಮೀನುಗಾರರು ಎಲ್ಲಿ, ಎಷ್ಟು ಹಿಡಿಯಬಹುದೆಂದು ಆ ದಾರಿ ನೋಡಿ ಹೇಳುತ್ತಾರಂತೆ. ದೂರ ಹೋದಷ್ಟೂ ಮೇಡಂಗೆ ಖುಷಿ. ನಾನು ಟೀ ಕೊಡಲು ಹೋದಾಗ ಚಪ್ಪಾಳೆ ತಟ್ಟುತ್ತಿದ್ದರು. ಸುಳ್ಳೇಕೆ ಹೇಳಲಿ, ಆ ಸೀಲ್ ಮೇಲೆ ಹೊಟ್ಟೆಕಿಚ್ಚಾಯಿತು. ನಾನು ಸ್ಕೂಲು ಬಿಟ್ಟು ಗುಂಡ್ಲುಪೇಟೆಯವರೆಗೆ ಹೋದದ್ದಕ್ಕೇ ನೀನು ಬೈಕಿನಲ್ಲಿ ಬಂದು ಕಾಲರ್ ಹಿಡಿದು ಎಳೆದುಕೊಂಡು ಹೋದೆ.

ವಾಂತಿ ನಿಂತಿದೆ, ತುಟಿ ಮಾತ್ರ ಒಡೆದಿದೆ. ನೀನು ಕೊಟ್ಟ ಹತ್ತನೇ ಕ್ಲಾಸಿನ ಪುಸ್ತಕ ಬಿಚ್ಚಿಲ್ಲ. ಪರೀಕ್ಷೆಗೆ ಬರಲೇಬೇಕೆಂಬ ನಿನ್ನ ಹಟ ಗೊತ್ತು. ಆದರೂ ಹಡಗು ಮತ್ತೆ ಹೊರಡುವಾಗ ನಾನೂ ಬರುತ್ತೇನೆಂದು ಇವತ್ತು ಹೆಸರು ಕೊಟ್ಟೆ. ಅವ್ವನಿಗೆ ನೀನೇ ಹೇಳು. ಬೈಯುವುದಿದ್ದರೆ ಬೈ. ಅದಕ್ಕೆ ಮೊದಲು ಫೋನಿನ ಮ್ಯಾಪ್ ತೆಗೆದು, ಹರದನಹಳ್ಳಿಯಿಂದ ನಾನೆಷ್ಟು ದೂರ ಬಂದಿದ್ದೇನೆ ಎಂದು ಒಂದು ಸಲ ನೋಡು.

ಪಾತ್ರೆ ತೊಳೆಯಲು ಕೂಗುತ್ತಿದ್ದಾರೆ.

ಮಾದೇಶ